ಅತ್ತೆಗೆ ರಾಣಿಯರ ಕಥೆ, ದೆವ್ವದ ಪ್ರೇಮಕಥೆಗಳೇ ಯಾಕೆ ಬೇಕು? ಮುಂದೆ ಯಾವುದನ್ನು ಓದಿ ಹೇಳಲಿ?

ಸಾಲಗಾಮೆ ರಸ್ತೆ, ಹಾಸನ

ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಬರೋದನ್ನೆಲ್ಲ ಓದ್ತಾ ಇದ್ದೀನಿ, ಬರೀತಿರೋದು ಇದೇ ಮೊದಲ ಸಲ. ಸ್ವಲ್ಪ ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ.

ಮನೇಲೇ ಬ್ಲೌಸ್ ಹೊಲಿಯೋ ಕೆಲಸ ನಂದು. ರಾತ್ರಿ ಒಂಬತ್ತೂವರೆಗೆ ಮಿಷನ್ ಮೇಲೆ ಬಟ್ಟೆ ಮುಚ್ಚಿ, ಅಡುಗೆ ಕಟ್ಟೆ ಒರೆಸಿ, ಅತ್ತೆ ಮಂಚದ ಪಕ್ಕ ಚಾಪೆ ಹಾಸ್ಕೊಂಡು ಕೂತು ಒಂದು ಗಂಟೆ ಓದಿ ಹೇಳ್ತೀನಿ. ಅತ್ತೆಗೆ 76. ಹಳೇಬೀಡಿನ ಹತ್ತಿರದ ಒಂದು ಹಳ್ಳಿ ಅವರ ತವರು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಡಿಸಿದ್ರೂ ಓದೋದನ್ನ ಬಿಟ್ಟವರಲ್ಲ. ವಾರಪತ್ರಿಕೆ ಧಾರಾವಾಹಿಗಳ ಹಾಳೆ ಕತ್ತರಿಸಿ, ದಬ್ಬಳದಲ್ಲಿ ಹೊಲಿದಿಟ್ಟ ಕಟ್ಟುಗಳು ಈಗ್ಲೂ ಅಟ್ಟದ ಮೇಲಿವೆ. ಆಮೇಲೆ ಶುಗರ್ ಕಣ್ಣಿಗೆ ಬಂತು. ಈಗ ಮುಖ ಗುರುತು ಸಿಗುತ್ತೆ, ಅಕ್ಷರ ಸಿಗಲ್ಲ.

ಮೊದಲು ನಾನು ಒಂದು ಒಳ್ಳೆ ಸಾಮಾಜಿಕ ಕಾದಂಬರಿ ತಂದಿದ್ದೆ. ಮೂರನೇ ದಿನ ಪುಸ್ತಕದ ಮೇಲೆ ಕೈ ಇಟ್ಟು, "ಸಾಕು ಮಗ. ಅತ್ತೆ ಮಾತು, ಗಂಡನ ಸಿಟ್ಟು, ಸಾಲ. ಇದೆಲ್ಲ ಕಂಡಿದ್ದೇ. ಕಾಣದ್ದು ಏನಾದ್ರೂ ಇದ್ರೆ ಓದು" ಅಂದ್ರು.

ಜಿಲ್ಲಾ ಕೇಂದ್ರ ಗ್ರಂಥಾಲಯದಿಂದ ಕೆ.ವಿ. ಅಯ್ಯರ್ ಅವರ 'ಶಾಂತಲಾ' ತಗೊಂಡು ಬಂದೆ, ಹೊಯ್ಸಳ ರಾಜ ವಿಷ್ಣುವರ್ಧನನ ರಾಣಿಯ ಕಾದಂಬರಿ. ಅವತ್ತಿಂದ ಊಟ ಮುಗಿದ ತಕ್ಷಣ ಕೈ ತೊಳ್ಕೊಂಡು ಮಂಚದ ಮೇಲೆ ಕಾಯ್ತಾ ಕೂತಿರೋರು. ಚಿಕ್ಕವರಿದ್ದಾಗ ಗಾಡಿ ಕಟ್ಕೊಂಡು ಬೇಲೂರು ತೇರಿಗೆ ಹೋಗ್ತಿದ್ರಂತೆ. ಗುಡಿ ಸೂರಿನ ಕೆಳಗಿರೋ ಮದನಿಕೆಯರನ್ನ ಕತ್ತೆತ್ತಿ ನೋಡ್ತಾ ನಿಂತ್ರೆ ಅವರಪ್ಪ "ನಡಿ ಮುಂದೆ" ಅಂತ ರಟ್ಟೆ ಹಿಡಿದು ಎಳ್ಕೊಂಡು ಹೋಗೋರಂತೆ. ಶಾಂತಲೆ ನೃತ್ಯ ಮಾಡೋ ಭಾಗ ಓದಿದ ರಾತ್ರಿ ಹೇಳಿದ್ರು: "ಆಗ ನೋಡಕ್ಕೆ ಬಿಡಲಿಲ್ಲ. ಈಗ ನೋಡ್ತಾ ಇದೀನಿ." ಆ ಹೊತ್ತಿಗೆ ಅವರ ಕಣ್ಣು ಹೋಗಿ ಒಂದು ವರ್ಷ ಆಗಿತ್ತು.

ಆಮೇಲೆ ಮಗಳ ಸರದಿ. ಸೆಕೆಂಡ್ ಪಿಯುಸಿ ಹುಡುಗಿ. 'ಟ್ವೈಲೈಟ್' ಅಂತ 2005ರಲ್ಲಿ ಬಂದ ಅಮೆರಿಕದ ಕಾದಂಬರಿ ಓದ್ತಾ ಇದ್ಲು. ಮನುಷ್ಯರ ರಕ್ತಕ್ಕೆ ಹಂಬಲಿಸೋ ಕುಲದ ಹುಡುಗ, ನಮ್ಮಂಥ ಮನುಷ್ಯರ ಹುಡುಗಿ. ನಾನು ಜ್ವರ ಅಂತ ಮಲಗಿದ್ದ ಒಂದು ರಾತ್ರಿ ಅವಳೇ ಇಂಗ್ಲಿಷಲ್ಲಿ ಓದ್ಕೊಂಡು ಅಜ್ಜಿಗೆ ಕನ್ನಡದಲ್ಲಿ ಹೇಳಿದ್ಲು. ಅಜ್ಜಿ ಹೆದರ್ತಾರೆ ಅಂದ್ಕೊಂಡಿದ್ದೆ. ಗೋಡೆ ಆಚೆಯಿಂದ ಅವರ ದನಿ ಕೇಳಿಸ್ತು: "ಹಸಿವಾಗ್ತದೆ, ಆದ್ರೂ ಅವಳನ್ನ ಮುಟ್ಟಲ್ಲ. ಹಸಿವು ತಡ್ಕೊಂಡು ಪಕ್ಕದಲ್ಲಿ ಕೂರ್ತಾನಲ್ಲ, ಅದು ದೊಡ್ಡದು ಕಣವ್ವ."

ಆ ಹುಡುಗ 1918ರಲ್ಲಿ ಷಿಕಾಗೋ ಊರಲ್ಲಿ ಇನ್‌ಫ್ಲುಯೆಂಜಾ ಜ್ವರ ಬಂದು ಸಾಯ್ತಾ ಇದ್ದಾಗ ಒಬ್ಬ ಡಾಕ್ಟರು ಅವನನ್ನ ತನ್ನ ಕುಲಕ್ಕೆ ಸೇರಿಸ್ಕೊಂಡಿರ್ತಾನೆ. ಮಗಳು ಅದನ್ನ ಹೇಳ್ತಿದ್ದ ಹಾಗೇ ಅತ್ತೆ "ನಿಲ್ಲಿಸು" ಅಂದ್ರು. ಅವರ ಸೋದರತ್ತೆ, ಅಂದ್ರೆ ಅಪ್ಪನ ಅಕ್ಕ, ಅದೇ ವರ್ಷದ ಅದೇ ಜ್ವರದಲ್ಲಿ ಹೋದವರು. ಮದುವೆಯಾಗಿತ್ತು, ಗಂಡನ ಮನೆಗೆ ಇನ್ನೂ ಕಳಿಸಿರಲಿಲ್ಲ. ಅತ್ತೆ ಸಣ್ಣವರಿದ್ದಾಗ ಸಂಜೆ ಹೊತ್ತು ಬಾವಿ ಕಡೆ ಹೋಗಬೇಡ, ಸೋದರತ್ತೆ ಕೂತಿರ್ತಾಳೆ, ಬಳೆ ಸದ್ದು ಕೇಳ್ತದೆ ಅಂತ ಮನೇಲಿ ಹೆದರಿಸ್ತಿದ್ರಂತೆ. ಇವರು ಹೆದರ್ತಿರಲಿಲ್ಲವಂತೆ. ಮುಡಿಯಿಂದ ಒಂದು ಹೂ ತೆಗೆದು ಬಾವಿ ಕಟ್ಟೆ ಮೇಲಿಟ್ಟು ಬರ್ತಿದ್ರಂತೆ. 34 ವರ್ಷ ಈ ಮನೇಲಿ ಅವರ ಜೊತೆ ಇದ್ದೀನಿ, ಈ ವಿಷಯ ನನಗೆ ಗೊತ್ತೇ ಇರಲಿಲ್ಲ. "ಆ ಹುಡುಗನ್ನ ಯಾರೋ ಡಾಕ್ಟರು ಎಬ್ಬಿಸಿದ. ನಮ್ಮ ಸೋದರತ್ತೇನ ಯಾರೂ ಎಬ್ಬಿಸಲಿಲ್ಲ" ಅಂದ್ರು.

ಹೋದ ವಾರ ನಮ್ಮ ನೆಂಟರೊಬ್ಬರು ಬಂದು, ಈ ವಯಸ್ಸಲ್ಲಿ ಅವರಿಗೆ ಪ್ರೇಮ, ದೆವ್ವ ಅಂತ ಓದಿ ಹೇಳ್ತೀಯಲ್ಲ, ಗೀತೆ ಓದಬಾರದಾ ಅಂದ್ರು. ಅತ್ತೆ ಮುಖ ಬಾಡಿಹೋಯ್ತು. ನನಗೂ ಏನು ಉತ್ತರ ಕೊಡಬೇಕು ಅಂತ ತೋಚಲಿಲ್ಲ. ಅದಕ್ಕೇ ಕೇಳ್ತಿದೀನಿ. ರಾಜರ ಕಾಲದ ಪ್ರೇಮಕಥೆ, ಸತ್ತವರು ಮನುಷ್ಯರಲ್ಲದವರು ಬರೋ ಪ್ರೇಮಕಥೆ, ಇವೆರಡರಲ್ಲಿ ಅಂಥದ್ದು ಏನಿದೆ? ಮತ್ತೆ, ಮುಂದೆ ಯಾವುದು ಓದಲಿ? ಕನ್ನಡದ್ದೇ ಆದ್ರೆ ಒಳ್ಳೇದು.

ಬಾಡಿಗೆ ಪುಸ್ತಕ, ಚಿಕ್ಕಮಗಳೂರು

ತಾಯಿ, ನಿಮ್ಮ ಅತ್ತೆಯವರು ಹೇಳಿದ "ಕಾಣದ್ದು" ಎನ್ನುವ ಮಾತನ್ನು ನಾನು 25 ವರ್ಷ ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ. 1983ರಿಂದ 2008ರವರೆಗೆ ಇಲ್ಲಿ ನನ್ನದೊಂದು ಬಾಡಿಗೆ ಪುಸ್ತಕದ ಅಂಗಡಿ ಇತ್ತು. ಹತ್ತಡಿಯ ಮಳಿಗೆ, ಮೂರು ಗೋಡೆಗೂ ಪುಸ್ತಕ, ಶುರುವಿನಲ್ಲಿ ದಿನಕ್ಕೆ 50 ಪೈಸೆ ಬಾಡಿಗೆ.

ಕಾಫಿ ಎಸ್ಟೇಟುಗಳ ರೈಟರ್ ಮನೆಯವರು, ಸ್ಕೂಲ್ ಮೇಡಂಗಳು, ನರ್ಸುಗಳು ನನ್ನ ಗಿರಾಕಿಗಳು. ಆರಿದ್ರಾ ಮಳೆ ಹಿಡಿಯುವ ಮೊದಲು ಎಸ್ಟೇಟಿನವರು ಬಂದು ಒಂದೇ ಸಲಕ್ಕೆ ಎಂಟು ಹತ್ತು ಪುಸ್ತಕ ಹೊತ್ತುಕೊಂಡು ಹೋಗುತ್ತಿದ್ದರು. ಮಳೆ ಹಿಡಿದರೆ ಮರ ಬಿದ್ದು ರಸ್ತೆ ಇಲ್ಲ, ಬಸ್ಸಿಲ್ಲ, ಕರೆಂಟಿಲ್ಲ. ಪುಸ್ತಕ ದಪ್ಪಗಿರಬೇಕು, ಬೇಗ ಮುಗಿಯಬಾರದು. ಆಗಸ್ಟ್ ಕೊನೆಗೆ ವಾಪಸ್ ಬಂದಾಗ ಪುಟಗಳಿಗೆ ಒಲೆಯ ಹೊಗೆ, ಬೂಷ್ಟಿನ ವಾಸನೆ ಹಿಡಿದಿರುತ್ತಿತ್ತು. ಬಿಸಿಲು ಕಂಡ ದಿನ ಅಂಗಡಿ ಮುಂದೆ ಗೋಣಿಚೀಲ ಹಾಸಿ, ಕಾಫಿ ಹರಡುವ ಹಾಗೆ ಪುಸ್ತಕ ಹರಡುತ್ತಿದ್ದೆ.

ಹೆಣ್ಣುಮಕ್ಕಳು ಲೇಖಕರ ಹೆಸರು ಹೇಳಿ ಕೇಳುತ್ತಿದ್ದುದು ಕಡಿಮೆ. "ರಾಣಿ ಕಥೆ ಕೊಡಿ", "ಆತ್ಮದ ಕಥೆ ಕೊಡಿ" ಎನ್ನುತ್ತಿದ್ದರು. ಬಹಳ ವರ್ಷ ನನಗೆ ಇದು ಬರೀ ರುಚಿಯ ಮಾತು ಅನಿಸಿತ್ತು. ಒಂದು ದಿನ ಒಬ್ಬ ಹೆಂಗಸು, ತುಂಬಿದ ಮನೆಯ ಸೊಸೆ, ಸಾಮಾಜಿಕ ಕಾದಂಬರಿಯೊಂದನ್ನು ಓದದೆ ಹಿಂದಿರುಗಿಸಿದರು. ಇದನ್ನು ಕೈಯಲ್ಲಿ ಹಿಡಿದರೆ ಏನು ಓದುತ್ತಿದ್ದೀಯ ಎಂದು ಎಲ್ಲರೂ ಕೇಳುತ್ತಾರೆ, ಇತಿಹಾಸ ಎಂದರೆ ಸುಮ್ಮನಾಗುತ್ತಾರೆ ಎಂದರು. ಆಗ ನನಗೆ ಹೊಳೆಯಿತು. ರಾಣಿಯ ಕಥೆಯೊಳಗೂ ಪ್ರೀತಿಯೇ ಇದೆ, ಮುನಿಸೇ ಇದೆ, ಏಕಾಂತವೇ ಇದೆ. ಆದರೆ ಹೊರಗಿನ ರಟ್ಟಿನ ಮೇಲೆ ಕೋಟೆಯ ಚಿತ್ರವಿರುತ್ತದೆ. ಗದರುವವರು ಕೋಟೆ ನೋಡಿ ಮುಂದೆ ಹೋಗುತ್ತಾರೆ.

ಇದು ಇಂದು ನಿನ್ನೆಯದಲ್ಲ. ಕನ್ನಡದಲ್ಲಿ ಕಾದಂಬರಿ ಓದುವ ಅಭ್ಯಾಸವನ್ನು ಹುಟ್ಟಿಸಿದವರಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರನ್ನು ತಂದರು, ಗಳಗನಾಥರು ಚರಿತ್ರೆಯ ಕಥೆಗಳನ್ನು ಬರೆದರು. ಕುದುರೆ, ಕೋಟೆ, ಕಾಯುವ ಹೆಣ್ಣು, ಇವೇ ನಮ್ಮ ಹಿಂದಿನವರ ಮೊದಲ ಕಾದಂಬರಿಗಳು. ನಂತರ ತ.ರಾ.ಸು. ಚಿತ್ರದುರ್ಗವನ್ನು ಮನೆಮನೆಗೆ ತಂದರು. ಶಾಂತಲೆಯ ವಿಷಯಕ್ಕೆ ಬಂದರೆ, ಸಿ.ಕೆ. ನಾಗರಾಜರಾಯರ 'ಪಟ್ಟಮಹಾದೇವಿ ಶಾಂತಲಾದೇವಿ' 1978ರಲ್ಲಿ ಬಂತು. ಜ್ಞಾನಪೀಠ ಸಂಸ್ಥೆ ಮೂರ್ತಿದೇವಿ ಪ್ರಶಸ್ತಿಯನ್ನು ಶುರುಮಾಡಿದಾಗ ಮೊದಲು ಕೊಟ್ಟಿದ್ದೇ ಈ ಕೃತಿಗೆ. ನನ್ನಲ್ಲಿ ಅದರ ಎರಡು ಪ್ರತಿ ಇದ್ದವು, ಎರಡೂ ಓದಿ ಓದಿ ಬೆನ್ನು ಕಿತ್ತುಹೋದವು. ಮಳೆಗಾಲಕ್ಕೆ ಹೇಳಿ ಮಾಡಿಸಿದ ಪುಸ್ತಕ. ನಿಮ್ಮ ಅತ್ತೆಯವರಿಗೆ ಮುಂದಿನದು ಅದನ್ನೇ ಓದಿ, ಹಲವು ತಿಂಗಳಿಗೆ ಸಾಕಾಗುತ್ತದೆ.

ಇನ್ನು ದೆವ್ವದ ಕಥೆ. ನಮ್ಮ ಕಥೆಗಳಲ್ಲಿ ಮೋಹಿನಿಯನ್ನು ಬಿಟ್ಟರೆ ಇನ್ಯಾವ ಹೆಣ್ಣು ನಡುರಾತ್ರಿಯಲ್ಲಿ ಒಬ್ಬಳೇ ರಸ್ತೆಯಲ್ಲಿ ನಡೆಯುತ್ತಾಳೆ, ಹೇಳಿ? ಎಲ್ಲಿಗೆ ಹೊರಟೆ, ಯಾಕೆ ಹೊರಟೆ ಎಂದು ಯಾರೂ ಅವಳನ್ನು ಕೇಳುವುದಿಲ್ಲ. ಮಲ್ಲಿಗೆ ಮುಡಿದುಕೊಂಡು ತನಗೆ ಬೇಕಾದವನನ್ನು ತಾನೇ ಹೆಸರು ಹಿಡಿದು ಕರೆಯುತ್ತಾಳೆ. ಬದುಕಿದ್ದ ಹೆಣ್ಣಿಗೆ ಇಲ್ಲದ್ದು ಸತ್ತವಳಿಗೆ ಸಿಕ್ಕಿದೆ. ಓದುತ್ತಿದ್ದವರು ಹೆದರಿಕೆಗಾಗಿಯೇ ಓದುತ್ತಿದ್ದರು ಎಂದು ನಾನು ಒಪ್ಪುವುದಿಲ್ಲ.

ಕೊನೆಯದಾಗಿ ಒಂದು ಸಂಗತಿ. ಬಾಡಿಗೆ ಪುಸ್ತಕಗಳ ಕೊನೆಯ ಖಾಲಿ ಹಾಳೆಯ ಮೇಲೆ ಓದಿದವರು ಪೆನ್ಸಿಲ್‌ನಲ್ಲಿ ಬರೆದಿಡುತ್ತಿದ್ದರು, ಮುಂದೆ ಓದುವವರಿಗಾಗಿ. ಅಂಗಡಿ ಮುಚ್ಚಿದಾಗ ಪುಸ್ತಕಗಳನ್ನೆಲ್ಲ ಕೊಟ್ಟುಬಿಟ್ಟೆ, ಅಂಥ ಒಂದು ಹಾಳೆಯನ್ನು ಮಾತ್ರ ಇಟ್ಟುಕೊಂಡೆ. ಅದರಲ್ಲಿ ದುಂಡಗಿನ ಅಕ್ಷರದಲ್ಲಿ ಹೀಗಿದೆ: "ರಾಣಿ ಸಾಯ್ತಾಳೆ. ಮೊದಲೇ ಹೇಳಿದ್ದೀನಿ. ಆದ್ರೂ ಓದಿ." ಅದರ ಕೆಳಗೆ ಬೇರೆ ಇಂಕಿನಲ್ಲಿ ಬೇರೆ ಯಾರೋ ಬರೆದಿದ್ದಾರೆ: "ಓದಿದೆ ಅಕ್ಕ."

ಮೂಡಿಗೆರೆ ಹುಡುಗಿ

ಸರ್, ಕೊನೆ ಸಾಲು ಓದಿ ಕಣ್ಣು ತುಂಬಿ ಬಂತು.

ಅಕ್ಕ, ನನಗೆ 27, ನಿಮ್ಮ ಮಗಳು ಓದೋ ಥರದ್ದನ್ನ ಹತ್ತು ವರ್ಷದಿಂದ ಓದ್ತಿದೀನಿ. ನಮ್ಮನೆ ಅಂಗಡಿ ಊರಿನ ಹತ್ತಿರ. ಹೊಯ್ಸಳರ ಮೂಲ ಊರು, ಸಳ ಹುಲಿ ಹೊಡೆದ ಅಂತಾರಲ್ಲ, ಆ ವಾಸಂತಿಕೆ ಗುಡಿ ಇರೋ ಅಂಗಡಿ. ನನಗೆ ಈ ಕಥೆಗಳಲ್ಲಿ ಹಿಡಿಸೋದು ಹೊಸ್ತಿಲು.

ಏನಂದ್ರೆ, ರಕ್ತ ಕುಡಿಯೋರ ಹಳೇ ಕಥೆಗಳಲ್ಲಿ ಒಂದು ಕಟ್ಟಳೆ ಇದೆ. 1897ರ 'ಡ್ರಾಕುಲಾ'ದಲ್ಲೂ ಇದೆ: ಮನೆಯವರು ಯಾರಾದ್ರೂ ಮೊದಲ ಸಲ ಬಾ ಅಂತ ಕರೆಯದೆ ಅವನು ಒಳಗೆ ಬರೋ ಹಾಗಿಲ್ಲ. ಅಲ್ಲಿ ಅದು ಹೆದರಿಸೋಕೆ ಇಟ್ಟ ಮಾತು. ಈಗಿನ ಕೆಲವರು ಅದನ್ನೇ ಪ್ರೀತಿಯ ಕಟ್ಟಳೆ ಮಾಡ್ಕೊಂಡ್ರು. ಅಷ್ಟು ಬಲ ಇರೋನು, ಗೋಡೆ ಒಡೆದು ಬರಬಲ್ಲವನು, ಹೊಸ್ತಿಲ ಹೊರಗೆ ನಿಂತು ಅವಳ ಮಾತಿಗೆ ಕಾಯ್ತಾನೆ. ನಾನು ಬೆಳೆದ ಮನೇಲಿ ನನ್ನ ರೂಮಿಗೆ ಚಿಲಕ ಇರಲಿಲ್ಲ. ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ ಬರಬಹುದಿತ್ತು. ಹದಿನೇಳನೇ ವಯಸ್ಸಲ್ಲಿ ಅಂಥದ್ದೊಂದು ಕಥೆ ಓದಿದಾಗ ನನ್ನನ್ನ ಹಿಡಿದಿಟ್ಟಿದ್ದು ಅವನ ಚೆಲುವಲ್ಲ, ಅವನು ಬಾಗಿಲಲ್ಲಿ ನಿಂತಿದ್ದು. ನಿಮ್ಮ ಅತ್ತೆ "ಹಸಿವು ತಡ್ಕೊಂಡು ಕೂರ್ತಾನಲ್ಲ" ಅಂದಿದ್ದೂ ಅದನ್ನೇ ಅಲ್ವಾ? 'ಟ್ವೈಲೈಟ್' ಬಗ್ಗೆ ನಾನು ಓದಿರೋ ಎಷ್ಟೋ ವಿಮರ್ಶೆಗಿಂತ ಅವರ ಒಂದು ಮಾತು ಮೇಲು.

ನಮ್ಮಲ್ಲೂ ಬಾಗಿಲಿನ ದೆವ್ವ ಇದೆ. 90ರ ದಶಕದಲ್ಲಿ ಮನೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿರ್ತಿದ್ರು. ನಮ್ಮ ದೊಡ್ಡಮ್ಮನ ಮನೆ ಕದದ ಮೇಲೆ ಸುಣ್ಣದಲ್ಲಿ ಬರೆದಿದ್ದ ಗುರುತು ನಾನು ನೋಡಿದೀನಿ. ಬಂದ ದೆವ್ವ ಅದನ್ನ ಓದ್ಕೊಂಡು ತಿರುಗಿ ಹೋಗುತ್ತೆ, ಮಾರನೇ ದಿನ ಮತ್ತೆ ಬರುತ್ತೆ, ಮತ್ತೆ ಓದುತ್ತೆ, ಮತ್ತೆ ಹೋಗುತ್ತೆ. ಎಲ್ಲರೂ ಅದನ್ನ ಹೆದರಿಕೆ ಕಥೆ ಅಂತ ಹೇಳಿದ್ರು. ನನಗೆ ಚಿಕ್ಕವಳಿದ್ದಾಗಲೇ ಆ ದೆವ್ವದ ಮೇಲೆ ಕರುಣೆ. ಬರೆದಿದ್ದಕ್ಕೆ ಅಷ್ಟು ಬೆಲೆ ಕೊಡುತ್ತಲ್ಲ.

ಓದೋಕೆ ನನ್ನ ಸಲಹೆ ಕಾರ್ನಾಡರ 'ನಾಗಮಂಡಲ'. ನಾಟಕ, ಜೋರಾಗಿ ಓದಿದ್ರೆ ಇನ್ನೂ ಚೆಂದ, ಮಗಳೂ ನೀವೂ ಪಾತ್ರ ಹಂಚ್ಕೊಳ್ಳಿ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಕನ್ನಡ ಜನಪದ ಕಥೆಗಳ ಮೇಲೆ ಕಟ್ಟಿದ್ದು. ಹಗಲು ಗಂಡ ಹೆಂಡತೀನ ಮನೇಲಿಟ್ಟು ಬೀಗ ಹಾಕ್ಕೊಂಡು ಹೋಗ್ತಾನೆ. ರಾತ್ರಿ ಗಂಡನದೇ ರೂಪದಲ್ಲಿ ನಾಗ ಬಂದು ಅವಳನ್ನ ಮಾತಾಡಿಸ್ತಾನೆ. ಮನುಷ್ಯನಲ್ಲದವನಿಂದ ಅವಳಿಗೆ ಮನುಷ್ಯರ ಪ್ರೀತಿ ಸಿಗುತ್ತೆ. ಶುರುವಲ್ಲೇ ಇನ್ನೊಂದಿದೆ, ನಿಮ್ಮ ಅತ್ತೆಗೆ ಅದನ್ನ ಖಂಡಿತ ಓದಿ: ಊರಿನ ದೀಪಗಳ ಜ್ವಾಲೆಗಳೆಲ್ಲ ರಾತ್ರಿ ಪಾಳು ಗುಡೀಲಿ ಸೇರಿ ಸುದ್ದಿ ಹೇಳ್ಕೊಳ್ತವೆ. ಅಲ್ಲಿಗೆ ಒಂದು ಕಥೆ ಹೆಣ್ಣಿನ ರೂಪದಲ್ಲಿ ಬರುತ್ತೆ. ಒಬ್ಬ ಮುದುಕಿ ಆ ಕಥೇನ ಯಾರಿಗೂ ಹೇಳದೆ ಒಳಗೇ ಇಟ್ಕೊಂಡಿದ್ದಕ್ಕೆ, ಅವಳು ಮಲಗಿದ್ದಾಗ ಬಾಯಿಂದ ತಪ್ಪಿಸ್ಕೊಂಡು ಬಂದಿರುತ್ತೆ.

ನಿಮ್ಮ ಅತ್ತೆಯ ಸೋದರತ್ತೆ ಕಥೆ ಓದಿದಾಗ ನನಗೆ ಥಟ್ ಅಂತ ನೆನಪಾಗಿದ್ದು ಇದೇ.

ಶಾಸನಪ್ರಿಯ, ಬೇಲೂರು

ಶಾಂತಲೆಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು. ಕಾದಂಬರಿ ಓದಬೇಡಿ ಎನ್ನುವವನಲ್ಲ, ನಾನೇ ಈ ವಿಷಯಕ್ಕೆ ಬಂದದ್ದು ಕಾದಂಬರಿಯಿಂದ. ಆದರೆ ಕಥೆ ಹೇಳುವುದನ್ನೇ ಚರಿತ್ರೆ ಎಂದುಕೊಂಡರೆ ನಷ್ಟ ನಮಗೇ, ಏಕೆಂದರೆ ಕಲ್ಲಿನಲ್ಲಿರುವುದು ಇನ್ನೂ ತೀಕ್ಷ್ಣವಾಗಿದೆ.

ವಿಷ್ಣುವರ್ಧನ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಅದೇ ಆವರಣದ ಕಪ್ಪೆ ಚೆನ್ನಿಗರಾಯ ಗುಡಿಯನ್ನು ಕಟ್ಟಿಸಿದವಳು ಶಾಂತಲೆ. ಜಕಣಾಚಾರಿ ಮತ್ತು ಕಲ್ಲಿನೊಳಗಿನ ಕಪ್ಪೆಯ ಕಥೆ ಎಲ್ಲರಿಗೂ ಗೊತ್ತು. ಆದರೆ ಮದನಿಕೆಯರ ಪೀಠದಲ್ಲಿ ತಮ್ಮ ಹೆಸರನ್ನೇ ಕೊರೆದುಕೊಂಡ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರನ್ನು ಕೇಳುವವರು ಕಡಿಮೆ.

ಕಥೆಗಳಲ್ಲಿ ಶಾಂತಲೆ ಸವತಿಯನ್ನು ತಾನೇ ನಗುನಗುತ್ತಾ ಬರಮಾಡಿಕೊಳ್ಳುವ ತ್ಯಾಗಮೂರ್ತಿ. ಶಾಸನದಲ್ಲಿ ಆಕೆಯ ಬಿರುದು 'ಉದ್ವೃತ್ತ ಸವತಿಗಂಧವಾರಣೆ'. ಸೊಕ್ಕಿದ ಸವತಿಯರ ಪಾಲಿಗೆ ಮದವೇರಿದ ಆನೆ ಎಂದು ಅರ್ಥ. 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಆಕೆ ಬಸದಿ ಕಟ್ಟಿಸಿ, ಅದಕ್ಕೆ ಆ ಬಿರುದಿನ ಹೆಸರನ್ನೇ ಇಟ್ಟಳು: ಸವತಿಗಂಧವಾರಣ ಬಸದಿ. ದೇವರ ಮನೆಗೆ ತನ್ನ ಅಂಥ ಬಿರುದನ್ನು ಇಟ್ಟ ಹೆಂಗಸು ಎಂಥವಳಿರಬೇಕು! ಇಷ್ಟು ಗಟ್ಟಿಗಿತ್ತಿಯನ್ನು ನಾವು ಕಣ್ಣೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿಬಿಟ್ಟೆವು ಎಂಬುದು ನನ್ನ ಕೊರಗು. ಪಟ್ಟ ಮುಂದೆ ಹೋದದ್ದು ಸವತಿ ಲಕ್ಷ್ಮೀದೇವಿಯ ಮಗ ನರಸಿಂಹನಿಗೆ.

ಸಾವಿನ ವಿಷಯವೂ ಹಾಗೆಯೇ. ಶಿವಗಂಗೆಯ ಬೆಟ್ಟದ ತುದಿಯಲ್ಲಿ ಇಲ್ಲಿಂದಲೇ ಶಾಂತಲೆ ಹಾರಿದಳು ಎಂದು ಜಾಗ ತೋರಿಸುತ್ತಾರೆ. ಶಾಸನ ಹೇಳುವುದು ಇಷ್ಟೇ: 1131ರ ಚೈತ್ರದಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಹಾರಿದ ಮಾತೇ ಅಲ್ಲಿಲ್ಲ. ಅದರ ಬದಲು, ಕಾದಂಬರಿಗಳನ್ನು ಓದಿದವರು ಅಷ್ಟಾಗಿ ನೆನೆಯದ ಒಂದು ಸಂಗತಿ ಇದೆ. ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು. ಮಗಳು ಹೋದ ಮೇಲೆ ತಾನು ಉಳಿಯಲಾರೆ ಎಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು ಸಲ್ಲೇಖನದಿಂದ ಪ್ರಾಣ ಬಿಟ್ಟಳು. ರಾಜ ಹೇಗೆ ಅತ್ತ ಎಂಬುದನ್ನು ನಾವು ಊಹಿಸಿ ಬರೆದಿದ್ದೇವೆ. ಮಗಳಿಗಾಗಿ ತಾಯಿ ಏನು ಮಾಡಿದಳು ಎಂಬುದು ಕಲ್ಲಿನ ಮೇಲಿದೆ.

ಬಾಡಿಗೆ ಪುಸ್ತಕ, ಚಿಕ್ಕಮಗಳೂರು

ಮೇಷ್ಟ್ರೇ, ತಮ್ಮ ಕೊರಗನ್ನು ಒಪ್ಪುತ್ತೇನೆ. ಒಂದು ಮಾತು ಮಾತ್ರ ಸೇರಿಸುತ್ತೇನೆ. ನನ್ನ ಅಂಗಡಿಗೆ ಬರುತ್ತಿದ್ದವರಲ್ಲಿ ಸವತಿಯೊಡನೆ ಒಂದೇ ಮನೆಯಲ್ಲಿ ಬಾಳಿದವರೂ ಇದ್ದರು. ಅವರಿಗೆ ಸವತಿಯನ್ನು ಪ್ರೀತಿಸುವ ರಾಣಿ ಬೇಕಾಗಿತ್ತು. ದಿನವೂ ಜಗಳವಾಡಿ ದಣಿದವರಿಗೆ ಅದು ಒಂದು ಗಂಟೆಯ ಬಿಡುವು. ಆ ಬಿರುದು ತಿಳಿದಿದ್ದರೆ ಅವರು ಅದನ್ನೂ ಬರೆದಿಟ್ಟುಕೊಳ್ಳುತ್ತಿದ್ದರು, ಅದೂ ನಿಜ.

ಗೊರೂರು ಕಡೆಯವ

ನಾನು ಗಂಡಸು, ನಾನೂ ಇವನ್ನೇ ಓದೋದು, ಅದಕ್ಕೆ ಬರೀತಿದೀನಿ. ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರಿನವರು ನಮ್ಮ ತಾತ. ಶೆಟ್ಟಿಹಳ್ಳಿ ಚರ್ಚು ನೋಡಿರ್ತೀರಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ್ದು, ಈಗ ಮಳೆಗಾಲಕ್ಕೆ ಅರ್ಧ ನೀರಲ್ಲಿ ನಿಲ್ಲುತ್ತೆ, ಬೇಸಿಗೆಗೆ ಪೂರ್ತಿ ಎದ್ದು ನಿಲ್ಲುತ್ತೆ. ಜನ ಫೋಟೋ ತೆಗೆಸ್ಕೊಳ್ಳೋಕೆ ಹೋಗ್ತಾರೆ. ನಮ್ಮ ತಾತ ಬೇಸಿಗೇಲಿ ನೀರು ಇಳಿದಾಗ ದಡದಲ್ಲಿ ನಿಂತು ಅಗೋ ನಮ್ಮ ಕಣ, ಅಗೋ ನಿಮ್ಮಜ್ಜಿ ನೀರು ಸೇದ್ತಿದ್ದ ಬಾವಿ ಅಂತ ಬೆರಳು ಮಾಡಿ ತೋರಿಸೋರು. ಅಜ್ಜಿ ಹೋಗಿ ಆಗ್ಲೇ ಒಂಬತ್ತು ವರ್ಷ ಆಗಿತ್ತು. ನನಗೆ ಕೆಸರು ಬಿಟ್ಟು ಬೇರೇನೂ ಕಾಣ್ತಿರಲಿಲ್ಲ, ಅವರಿಗೆ ಅಜ್ಜಿ ಕಾಣ್ತಿದ್ರು. ಸತ್ತವರು ಪ್ರೀತಿಸಿದವರ ಹತ್ರ ಬರೋ ಕಥೆ ಓದಿದಾಗೆಲ್ಲ ನನಗೆ ಆ ಬೆರಳು ನೆನಪಾಗುತ್ತೆ.

ಸಾಲಗಾಮೆ ರಸ್ತೆ, ಹಾಸನ

ಎಲ್ಲರಿಗೂ ಕೈ ಮುಗೀತೀನಿ. ಇಷ್ಟು ಬರುತ್ತೆ ಅಂತ ಅಂದ್ಕೊಂಡಿರಲಿಲ್ಲ. ನಿನ್ನೆ ರಾತ್ರಿ ಪುಸ್ತಕ ತೆಗೀಲಿಲ್ಲ, ನೀವು ಬರೆದಿದ್ದನ್ನೇ ಮೊದಲಿಂದ ಕೊನೇತನಕ ಅತ್ತೆಗೆ ಓದಿ ಹೇಳಿದೆ. ಮಗಳೂ ಬಂದು ಕೂತ್ಲು.

ಬಾಡಿಗೆ ಪುಸ್ತಕದ ಸರ್, "ಓದಿದೆ ಅಕ್ಕ" ಅನ್ನೋದನ್ನ ಎರಡು ಸಲ ಓದಿಸಿದ್ರು. ಗೊರೂರಿನ ತಾತನ ಬೆರಳಿನ ಮಾತಿಗೆ "ಹೂಂ" ಅಂದು ಸುಮ್ಮನೆ ಕೂತಿದ್ರು. ಮೂಡಿಗೆರೆ ತಂಗಿ, ನಮ್ಮನೇಲೂ ಮಗಳ ರೂಮಿಗೆ ಚಿಲಕ ಇರಲಿಲ್ಲ. ಇವತ್ತು ಬೆಳಿಗ್ಗೆ ಹಾರ್ಡ್‌ವೇರ್ ಅಂಗಡಿಯಿಂದ ತಂದು, ಪಕ್ಕದ ಮನೆ ಬಡಗಿ ಹತ್ರ ಹಾಕಿಸಿದೆ. 'ನಾಗಮಂಡಲ' ಗ್ರಂಥಾಲಯದಲ್ಲಿ ಸಿಕ್ತು. ನಾಗನ ಪಾತ್ರ ಮಗಳೇ ಓದ್ತಾಳಂತೆ.

ಮೇಷ್ಟ್ರ ಮಾತಿಗೆ ಬರ್ತೀನಿ. ಸವತಿಗಂಧವಾರಣೆ ಅಂದ್ರೆ ಏನು ಅಂತ ಓದಿದಾಗ ಅತ್ತೆ ಎದ್ದು ಕೂತ್ರು. "ಹಂಗಿರಬೇಕು" ಅಂದ್ರು. ಆಮೇಲೆ ಮಾಚಿಕಬ್ಬೆ ಭಾಗ ಬಂತು. ಅದನ್ನ ಓದುವಾಗ ನನಗೂ ಮನಸ್ಸು ತಡೆದಿತ್ತು, ಯಾಕಂದ್ರೆ ಅತ್ತೆಗೆ ನನ್ನ ಗಂಡನಿಗಿಂತ ಮೊದಲು ಒಂದು ಹೆಣ್ಣು ಮಗು ಇತ್ತು. ಎರಡೂವರೆ ವರ್ಷಕ್ಕೆ ಹೋಯ್ತು. ಅದನ್ನ ಮನೇಲಿ ಯಾರೂ ಮಾತಾಡಲ್ಲ. ಓದಿ ಮುಗಿಸಿದೆ. ಫ್ಯಾನ್ ಸದ್ದು ಬಿಟ್ರೆ ಏನೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೇಳಿದ್ರು, "ರಾಣಿ ಕಥೆ ಎಷ್ಟೋ ಜನ ಬರೆದ್ರು. ಆ ತಾಯಿ ಕಥೆ ಯಾರೂ ಬರೀಲಿಲ್ವಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಮಗಳು "ಅಜ್ಜಿ, ನೀನೇ ಹೇಳು, ನಾನು ಬರ್ಕೋತೀನಿ" ಅಂದ್ಲು. ನಾನು ಗದರೋಕೆ ಬಾಯಿ ತೆಗೆದೆ, ಅಷ್ಟರಲ್ಲಿ ಅತ್ತೆನೇ ಶುರುಮಾಡಿದ್ರು. ಬೆಳಗೊಳದ ರಾಣಿಯ ತಾಯಿ ಅಂತ ಶುರುವಾಗಿದ್ದು ನಾಲ್ಕು ಮಾತಿಗೆ ಹಳೇಬೀಡಿನ ಕಡೆ ಬಂತು, ಬಾವಿ ಕಟ್ಟೆ ಬಂತು, ಸೋದರತ್ತೆ ಬಂದ್ರು. ಆ ಸೋದರತ್ತೆ ಮಡಿಲಲ್ಲಿ ಎರಡೂವರೆ ವರ್ಷದ ಒಂದು ಮಗು ಆಡ್ತಾ ಇತ್ತು. ಹನ್ನೊಂದೂಮುಕ್ಕಾಲಿಗೆ ಮಲಗಿದ್ವಿ. ಮಗಳ ನೋಟ್‌ಬುಕ್ಕಲ್ಲಿ ಆರು ಪುಟ ಆಗಿದೆ.

ಗೀತೆ ಓದಬಾರದಾ ಅಂದ ನೆಂಟರಿಗೆ ಏನೂ ಹೇಳಬೇಕು ಅಂತ ಅನಿಸ್ತಿಲ್ಲ ಈಗ.

ಮೇಷ್ಟ್ರೇ, ನಿಮ್ಮಲ್ಲಿ ಒಂದು ಕೇಳೋದಿದೆ. ಅತ್ತೆಗೆ ಆ ಬಸದಿಗೆ ಹೋಗಬೇಕಂತೆ. ಕಲ್ಲು ಕಾಣದಿದ್ರೂ ಕೈಯಲ್ಲಿ ಮುಟ್ಟಬೇಕು ಅಂತಾರೆ. ಮಂಡಿ ನೋವಿದೆ, ನಿಧಾನಕ್ಕೆ ಹತ್ತಿಸ್ಕೊಂಡು ಹೋಗೋಕೆ ನಾನೂ ಮಗಳೂ ಇದ್ದೀವಿ. ಬೆಳಿಗ್ಗೆ ಎಷ್ಟು ಹೊತ್ತಿಗೆ ಚಿಕ್ಕಬೆಟ್ಟ ಹತ್ತಿದ್ರೆ ಕಲ್ಲು ಕಾದಿರಲ್ಲ? ಬರಿಗಾಲಲ್ಲಿ ಹತ್ತಬೇಕಲ್ವಾ, ಅದಕ್ಕೆ.